ದೂರದ ಅಳತೆ, ಕಾಲದ ಅಳತೆ
(ಉಪನ್ಯಾಸದ ಬರಹರೂಪ)



ದೂರವನ್ನು ಅಳೆಯಲು ಕನ್ನಡ ನಾಡಿನ ಹಿರಿಯರು ಬಳಸುತ್ತಿದ್ದ ಮಾತುಗಳನ್ನು ಮೊದಲು ನೆನೆಯಬೇಕು. ಕೂಗಳತೆ, ಹರದಾರಿ, ಗಾವುದ, ಒಂದು ಹಗಲಿನ ಹಾದಿ. ಕೂಗಿದರೆ ಕೇಳಿಸುವಷ್ಟು ದೂರವೇ ಕೂಗಳತೆ. ಹೊತ್ತು ಮೂಡುವಾಗ ಹೊರಟವನು ಹೊತ್ತು ಮುಳುಗುವ ಮುನ್ನ ತಲುಪುವುದಾದರೆ ಅದು ಒಂದು ಹಗಲಿನ ಹಾದಿ. ಈ ಮಾತುಗಳಲ್ಲಿ ನೆಲದ ಉದ್ದದ ಜೊತೆಗೆ ಮನುಷ್ಯನ ದನಿ, ಕಾಲು, ದಣಿವು ಇವೆಲ್ಲವೂ ಸೇರಿವೆ. ನಡುವೆ ಹಳ್ಳವಿದ್ದರೆ, ಘಟ್ಟವಿದ್ದರೆ, ಮಳೆಗಾಲವಾಗಿದ್ದರೆ ಹಗಲಿನ ಹಾದಿ ಎರಡು ಹಗಲಿನದಾಗುತ್ತಿತ್ತು.

ಕಿಲೋಮೀಟರಿನ ಲೆಕ್ಕ ಬಂದ ಮೇಲೆ ದೂರವೂ ಕಾಲವೂ ಬೇರೆ ಬೇರೆಯಾದವು. ವಿಮಾನದ ಲೆಕ್ಕ ಬಂದ ಮೇಲೆ ಅವುಗಳ ನಡುವಿನ ಬಿರುಕು ಇನ್ನಷ್ಟು ಅಗಲವಾಯಿತು. ಈ ಬಿರುಕನ್ನು ಪರಿಶೀಲಿಸಲು ಕರ್ನಾಟಕದ ಉತ್ತರದ ಅಂಚಿನಲ್ಲಿರುವ ಕಲಬುರಗಿ ಮತ್ತು ಬೀದರ್ ವಿಮಾನ ನಿಲ್ದಾಣಗಳು ಒಳ್ಳೆಯ ನಿದರ್ಶನ. ಅವುಗಳ ದಕ್ಷಿಣಕ್ಕಿರುವ ಯಾದಗಿರಿ, ಶಹಾಪುರ, ಸುರಪುರಗಳ ಜನರ ಕಣ್ಣಿನಿಂದ ಆ ನಿಲ್ದಾಣಗಳನ್ನು ನೋಡುವುದು ಈ ಉಪನ್ಯಾಸದ ಉದ್ದೇಶ.

ಮಲೆನಾಡಿನ ಸಭಿಕರಿಗೆ ಇದು ಬಯಲುಸೀಮೆಯ ವಿಷಯವೆಂದು ತೋರಬಹುದು. ಆದರೆ ಸುರಪುರ ಬೆಟ್ಟಗಳ ನಡುವಿನ ಊರು. ಶಹಾಪುರದ ಗುಡ್ಡಸಾಲು ಮಲಗಿದ ಬುದ್ಧನಂತೆ ಕಾಣುತ್ತದೆಂದು ಪ್ರಸಿದ್ಧವಾಗಿದೆ. ಯಾದಗಿರಿಯ ಕೋಟೆ ನಿಂತಿರುವುದೂ ಬಂಡೆಯ ಬೆಟ್ಟದ ಮೇಲೆಯೇ. ಬೆಟ್ಟ ಮತ್ತು ನೀರು ದೂರವನ್ನು ಹೇಗೆ ಹಿಗ್ಗಿಸುತ್ತವೆ ಎಂಬುದು ಎರಡೂ ಸೀಮೆಯವರ ಅನುಭವಕ್ಕೆ ಬಂದ ಸಂಗತಿ.

ನೇರ ಗೆರೆಯ ಲೆಕ್ಕ

ಕಲಬುರಗಿ ವಿಮಾನ ನಿಲ್ದಾಣವು ನಗರದ ಪೂರ್ವಕ್ಕೆ ಶ್ರೀನಿವಾಸ ಸರಡಗಿಯ ಬಳಿ ಇದೆ. 2008ರಲ್ಲಿ ಅದಕ್ಕೆ ಶಂಕುಸ್ಥಾಪನೆಯಾಯಿತು. 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಬೀದರಿನ ನಿಲ್ದಾಣ ಭಾರತೀಯ ವಾಯುಪಡೆಯ ತರಬೇತಿ ಕೇಂದ್ರದ ಓಡುದಾರಿಯನ್ನೇ ಬಳಸುತ್ತದೆ. ಅಲ್ಲಿ ನಾಗರಿಕ ವಿಮಾನಯಾನ 2020ರ ಫೆಬ್ರುವರಿ 7ರಂದು ಆರಂಭವಾಯಿತು. ಹೀಗೆ ಮೂರು ತಿಂಗಳೊಳಗೆ ಕಲ್ಯಾಣ ಕರ್ನಾಟಕಕ್ಕೆ ಎರಡು ನಿಲ್ದಾಣಗಳು ದೊರೆತವು.

ಇವೆರಡರ ನಡುವಿನ ವೈಮಾನಿಕ ದೂರವನ್ನು ಹೈಸ್ಕೂಲಿನ ವಿದ್ಯಾರ್ಥಿಗಳೇ ಕಂಡುಹಿಡಿಯಬಹುದು. ಕಲಬುರಗಿ ನಿಲ್ದಾಣ ಸುಮಾರು 17 ಡಿಗ್ರಿ 18 ಮಿನಿಟು ಉತ್ತರ ಅಕ್ಷಾಂಶ, 76 ಡಿಗ್ರಿ 57 ಮಿನಿಟು ಪೂರ್ವ ರೇಖಾಂಶದಲ್ಲಿದೆ. ಬೀದರ್ ನಿಲ್ದಾಣ 17 ಡಿಗ್ರಿ 54 ಮಿನಿಟು ಅಕ್ಷಾಂಶ, 77 ಡಿಗ್ರಿ 29 ಮಿನಿಟು ರೇಖಾಂಶದಲ್ಲಿದೆ. ಅಕ್ಷಾಂಶದ ಒಂದು ಮಿನಿಟು ಎಂದರೆ ಸುಮಾರು 1.85 ಕಿ.ಮೀ. ಆದುದರಿಂದ 36 ಮಿನಿಟಿನ ಅಂತರ 66.6 ಕಿ.ಮೀ. ರೇಖಾಂಶಗಳು ಧ್ರುವದ ಕಡೆಗೆ ಸಾಗಿದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಈ ಭಾಗದಲ್ಲಿ ಒಂದು ಮಿನಿಟಿಗೆ ಸುಮಾರು 1.77 ಕಿ.ಮೀ. ಎಂದರೆ 32 ಮಿನಿಟಿಗೆ 56.6 ಕಿ.ಮೀ. ಈ ಎರಡನ್ನು ಲಂಬಕೋನ ತ್ರಿಭುಜದ ಎರಡು ಬಾಹುಗಳಾಗಿ ಇಟ್ಟುಕೊಂಡು ಪೈಥಾಗೊರಸನ ಪ್ರಮೇಯವನ್ನು ಅನ್ವಯಿಸಿದರೆ ಕರ್ಣದ ಉದ್ದ ಸುಮಾರು 87 ಕಿ.ಮೀ. ಬರುತ್ತದೆ. ಅದೇ ಎರಡು ನಿಲ್ದಾಣಗಳ ನಡುವಿನ ನೇರ ದೂರ.

ಇಂತಹ ನೇರ ಗೆರೆಗಳನ್ನು ಈ ನೆಲದ ಮೇಲೆ ಎಳೆಯುವ ಕೆಲಸ ಹೊಸದಲ್ಲ. 1802ರಲ್ಲಿ ಮದರಾಸಿನಲ್ಲಿ ಮೊದಲ ಆಧಾರ ರೇಖೆಯನ್ನು ಅಳೆದ ವಿಲಿಯಂ ಲ್ಯಾಂಬ್ಟನ್, 78ನೆಯ ರೇಖಾಂಶದ ಆಸುಪಾಸಿನಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ದೃಷ್ಟಿ ಹಾಯಿಸಿ ತ್ರಿಕೋನಗಳನ್ನು ಕಟ್ಟುತ್ತ ಉತ್ತರಕ್ಕೆ ಸಾಗಿದನು. 1815ರ ವೇಳೆಗೆ ಆ ಮೋಜಣಿ ಬೀದರ್ ಸಮೀಪದವರೆಗೆ ತಲುಪಿತ್ತು. ಗೆರೆ ಎಳೆಯುವವನಿಗೆ ಬೆಟ್ಟದ ತುದಿ ಅನುಕೂಲವಾಗಿತ್ತು. ಭಾರವಾದ ಉಪಕರಣವನ್ನು ಹೊತ್ತು ಬೆಟ್ಟ ಹತ್ತುವ ಕೂಲಿಗೆ ಅದೇ ತುದಿ ಒಂದು ದಿನದ ದುಡಿಮೆಯಾಗಿತ್ತು. ನಕ್ಷೆಯ ದೂರ ಮತ್ತು ಮೈಯ ದೂರ ಬೇರೆ ಎಂಬುದು ಅಂದೇ ಸ್ಪಷ್ಟವಾಗಿತ್ತು.

87 ಕಿ.ಮೀ. ಹಾರಲು ಎಷ್ಟು ಹೊತ್ತು?

ಗಂಟೆಗೆ 500 ಕಿ.ಮೀ. ವೇಗದ ಸಣ್ಣ ವಿಮಾನ 87 ಕಿ.ಮೀ.ಯನ್ನು ಹತ್ತೂವರೆ ನಿಮಿಷದಲ್ಲಿ ಕ್ರಮಿಸಬೇಕೆಂದು ಗಣಿತ ಹೇಳುತ್ತದೆ. ಆದರೆ ಯಾವ ವಿಮಾನವೂ ನಿಂತ ನೆಲದಿಂದ ಒಮ್ಮೆಗೇ ಆ ವೇಗವನ್ನು ಪಡೆಯುವುದಿಲ್ಲ. ಓಡುದಾರಿಯ ತುದಿಗೆ ಸಾಗಬೇಕು, ಅನುಮತಿಗೆ ಕಾಯಬೇಕು, ಮೇಲೇರಬೇಕು, ಇಳಿಯುವ ದಿಕ್ಕಿಗೆ ತಿರುಗಬೇಕು, ವೇಗ ತಗ್ಗಿಸಬೇಕು. ಆದ್ದರಿಂದ ಹತ್ತು ನಿಮಿಷದ ಹಾರಾಟ ಅರ್ಧ ಗಂಟೆಯ ಸಮೀಪಕ್ಕೆ ಬರುತ್ತದೆ. ಅದಕ್ಕೆ ಮುನ್ನ ಒಂದು ಗಂಟೆ ಮೊದಲೇ ನಿಲ್ದಾಣವನ್ನು ತಲುಪಿ ತಪಾಸಣೆ ಮುಗಿಸಬೇಕು. ಊರಿನಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಊರಿಗೆ ಹೋಗುವ ಹೊತ್ತನ್ನೂ ಸೇರಿಸಿದರೆ ಮೊತ್ತ ಎರಡೂವರೆ ಗಂಟೆಗೆ ಕಡಿಮೆಯಾಗದು.

ಈ ಎರಡು ನಗರಗಳ ನಡುವೆ 110 ಕಿ.ಮೀ. ಉದ್ದದ ರೈಲುಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ಮರಗುತ್ತಿಯ ಸಮೀಪ ಗುಡ್ಡ ಕೊರೆದು ಸುರಂಗ ಮಾಡಬೇಕಾಗಿ ಬಂದ ಈ ಮಾರ್ಗ ಮುಗಿಯಲು ಬಹಳ ವರ್ಷಗಳೇ ಹಿಡಿದವು. ಮುಗಿದ ಮೇಲೆ ಮಾತ್ರ ಅದು ಕಮಲಾಪುರ, ಹುಮನಾಬಾದಿನಂತಹ ನಡುವಿನ ಊರುಗಳಿಗೂ ಉಪಯುಕ್ತವಾಯಿತು. ನೆಲದ ಮೇಲಿನ ದಾರಿಯ ಹಿರಿಮೆ ಇದರಲ್ಲಿದೆ. ವಿಮಾನ ಎರಡು ತುದಿಗಳನ್ನು ಮಾತ್ರ ಬಲ್ಲದು. ರೈಲು, ಬಸ್ಸುಗಳು ನಡುವಿನವರನ್ನೂ ಹತ್ತಿಸಿಕೊಳ್ಳುತ್ತವೆ.

ಪರಿಸರದ ಲೆಕ್ಕವೂ ಇಲ್ಲಿಯೇ ಸೇರುತ್ತದೆ. ವಿಮಾನ ಅತಿ ಹೆಚ್ಚು ಇಂಧನವನ್ನು ಸುಡುವುದು ಏರುವಾಗ. ಹಾರಾಟ ಚಿಕ್ಕದಾದಷ್ಟೂ ಏರಿಕೆಯ ಪಾಲು ದೊಡ್ಡದಾಗಿ, ಕಿಲೋಮೀಟರಿಗೆ ತಗಲುವ ಇಂಧನ ಹೆಚ್ಚುತ್ತದೆ. ಒಂದು ಕಿಲೋಗ್ರಾಂ ವಿಮಾನ ಇಂಧನ ಉರಿದರೆ ಮೂರು ಕಿಲೋಗ್ರಾಂಗೂ ಮಿಕ್ಕಿದ ಇಂಗಾಲದ ಡೈಆಕ್ಸೈಡ್ ವಾತಾವರಣಕ್ಕೆ ಸೇರುತ್ತದೆ. ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲುಪಬಹುದಾದ ಕೆಲವು ಊರುಗಳ ನಡುವಿನ ವಿಮಾನ ಸಂಚಾರವನ್ನು ಫ್ರಾನ್ಸ್ ದೇಶ 2023ರಲ್ಲಿ ಕಾನೂನಿನಿಂದಲೇ ನಿಷೇಧಿಸಿದ್ದು ಈ ವಿವೇಚನೆಯಿಂದ.

ಹಾಗೆಂದು ಕಿರುದೂರದ ಹಾರಾಟವೆಲ್ಲವೂ ವ್ಯರ್ಥವೆಂದಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಸಮೂಹದಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ಪುಟ್ಟ ದ್ವೀಪಗಳಿವೆ. ಅವುಗಳ ನಡುವೆ 1967ರಿಂದ ಸಾಗಿರುವ ವಿಮಾನ ಸಂಚಾರವು ಲೋಕದ ಅತ್ಯಂತ ಕಿರಿದಾದ ನಿಗದಿತ ಹಾರಾಟವೆಂದು ಹೆಸರಾಗಿದೆ. ದೂರ 2.7 ಕಿ.ಮೀ.; ವೇಳಾಪಟ್ಟಿಯಲ್ಲಿ ಕೊಟ್ಟ ಸಮಯ 2 ನಿಮಿಷ. ನಡುವೆ ಒರಟು ಕಡಲು ಇರುವುದರಿಂದ ಅಲ್ಲಿ ವಿಮಾನವೇ ಹಳ್ಳಿಯ ಬಸ್ಸು. ಶಿಕ್ಷಕರೂ ರೋಗಿಗಳೂ ಅದನ್ನೇ ಹತ್ತುತ್ತಾರೆ. ಆದುದರಿಂದ ಕೇಳಬೇಕಾದ ಪ್ರಶ್ನೆ ಎಷ್ಟು ದೂರ ಎಂಬುದಲ್ಲ. ನಡುವೆ ಏನಿದೆ, ದಾಟಬೇಕಾದವರು ಯಾರು ಎಂಬುದು.

ಸುರಪುರದ ಹೊಸ್ತಿಲಿನಿಂದ

ಈ ಪ್ರಶ್ನೆಯನ್ನು ಹೊತ್ತು ದಕ್ಷಿಣಕ್ಕೆ ಬರೋಣ. ನಕ್ಷೆಯ ಮೇಲೆ ಯಾದಗಿರಿಯಿಂದ ಕಲಬುರಗಿ ವಿಮಾನ ನಿಲ್ದಾಣಕ್ಕೆ ನೇರ ದೂರ 65 ಕಿ.ಮೀ.ಗಿಂತ ಕಡಿಮೆ, ಶಹಾಪುರದಿಂದ ಸುಮಾರು 70, ಸುರಪುರದಿಂದ ಸುಮಾರು 90. ಆದರೆ ಶಹಾಪುರ, ಸುರಪುರಗಳವರು ಜೇವರ್ಗಿಯ ಮೂಲಕ ಸಾಗಿ, ಭೀಮಾನದಿಯನ್ನು ದಾಟಿ, ಕಲಬುರಗಿ ನಗರವನ್ನು ಹಾದು, ಅದರಾಚೆಯ ನಿಲ್ದಾಣವನ್ನು ಸೇರಬೇಕು. ಸುರಪುರದವರಿಗೆ ಇದು ನೂರು ಕಿ.ಮೀ.ಗೂ ಹೆಚ್ಚಿನ ಹಾದಿ.

ವಿಮಾನ ಹಾರುವ ದಿನದಂದು ಸುರಪುರದಿಂದ ಬೆಂಗಳೂರಿಗೆ ಹೊರಟವರ ಲೆಕ್ಕವನ್ನು ನೋಡಬಹುದು. ನಿಲ್ದಾಣ ಸೇರಲು ಎರಡೂವರೆ ಗಂಟೆ. ತಪಾಸಣೆ, ಕಾಯುವಿಕೆಗಳಿಗೆ ಒಂದೂಕಾಲು ಗಂಟೆ. ಸುಮಾರು 465 ಕಿ.ಮೀ.ಯ ಹಾರಾಟಕ್ಕೆ ಒಂದು ಗಂಟೆ ಹತ್ತು ನಿಮಿಷ. ದೇವನಹಳ್ಳಿಯಲ್ಲಿ ಇಳಿದು ಹೊರಬರಲು ಅರ್ಧ ಗಂಟೆ. ಅಲ್ಲಿಂದ ಬೆಂಗಳೂರಿನ ಒಳಗೆ ಸೇರಲು ಒಂದೂವರೆ ಗಂಟೆ. ಒಟ್ಟು ಸುಮಾರು ಏಳು ಗಂಟೆ. ಜಾಹೀರಾತಿನಲ್ಲಿ ಒಂದು ಗಂಟೆಯೆಂದು ಕಾಣುವ ಪ್ರಯಾಣ ಹೊಸ್ತಿಲಿನಿಂದ ಹೊಸ್ತಿಲಿಗೆ ಏಳು ಗಂಟೆಯಾಗುತ್ತದೆ. ಈ ಏಳರಲ್ಲಿ ಆಕಾಶದ ಪಾಲು ಒಂದು. ನೆಲದ ಪಾಲು ಆರು. ಸಮಯ ಉಳಿಸಬೇಕೆಂದರೆ ಎಲ್ಲಿ ಉಳಿಸಬಹುದು ಎಂಬುದಕ್ಕೆ ಈ ಲೆಕ್ಕವೇ ಉತ್ತರ.

ಅದೂ ವಿಮಾನ ಹಾರಿದರೆ. ಬೀದರಿನಲ್ಲಿ 2020ರಲ್ಲಿ ಆರಂಭವಾದ ಸಂಚಾರ ನಿಂತುಹೋಯಿತು. 2022ರಲ್ಲಿ ಮತ್ತೊಂದು ಸಂಸ್ಥೆಯಿಂದ ಪುನಃ ಆರಂಭವಾಗಿ, 2023ರ ಕೊನೆಯಲ್ಲಿ ಮತ್ತೆ ನಿಂತಿತು. 2025ರ ಏಪ್ರಿಲ್‌ನಲ್ಲಿ ಮರಳಿ ಆರಂಭವಾಯಿತು. ಇದಕ್ಕೆ ಕಾರಣ ಯೋಜನೆಯ ಸ್ವರೂಪದಲ್ಲಿಯೇ ಇದೆ. 2016ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಉಡಾನ್ ಯೋಜನೆಯಲ್ಲಿ ಸುಮಾರು ಒಂದು ಗಂಟೆಯ ಹಾರಾಟದ ಅರ್ಧದಷ್ಟು ಆಸನಗಳಿಗೆ 2,500 ರೂಪಾಯಿಗಳ ಮಿತಿಯನ್ನು ಹಾಕಿ, ವಿಮಾನ ಸಂಸ್ಥೆಗೆ ಆಗುವ ಕೊರತೆಯನ್ನು ಮೂರು ವರ್ಷಗಳ ಕಾಲ ಸಹಾಯಧನದಿಂದ ತುಂಬಲು ನಿರ್ಧರಿಸಲಾಗಿತ್ತು. ಮೂರು ವರ್ಷಗಳ ಬಳಿಕ ಹಾರಾಟ ತನ್ನ ಕಾಲಿನ ಮೇಲೆ ನಿಲ್ಲಬೇಕಿತ್ತು. ಪ್ರಯಾಣಿಕರ ಸಂಖ್ಯೆಯೂ ಆದಾಯವೂ ಸಾಲದ ಕಡೆಗಳಲ್ಲಿ ಅದು ನಿಲ್ಲುವುದಿಲ್ಲ. ಓಡುದಾರಿಗೆ ಬಿಟ್ಟುಕೊಟ್ಟ ನೆಲ ಮಾತ್ರ ಮರಳಿ ತೊಗರಿಯ ಹೊಲವಾಗುವುದಿಲ್ಲ.

ಕಾಗದದ ಮೇಲಿನ ನೇರ ಗೆರೆ ಜನರ ಬಾಳನ್ನು ಹೇಗೆ ಕಟ್ಟಬಲ್ಲದು ಎಂಬುದಕ್ಕೆ ಇನ್ನೊಂದು ಉದಾಹರಣೆ ಗಮನಾರ್ಹ. 2008ರಲ್ಲಿ ಆರಂಭವಾದ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದ ಒಪ್ಪಂದದಲ್ಲಿ, 150 ಕಿ.ಮೀ. ವೈಮಾನಿಕ ದೂರದೊಳಗೆ ಬೇರೆ ನಿಲ್ದಾಣಕ್ಕೆ ಅವಕಾಶ ಕೊಡಬಾರದೆಂಬ ಷರತ್ತು ಸೇರಿತ್ತು. ಬೀದರ್ ಅಲ್ಲಿಂದ ನೇರ ಗೆರೆಯಲ್ಲಿ ಸುಮಾರು 125 ಕಿ.ಮೀ.; ಆದುದರಿಂದ ಅದು ಗೆರೆಯ ಒಳಗೆ ಸಿಲುಕಿ, ಹೈದರಾಬಾದ್ ನಿಲ್ದಾಣದ ನಿರ್ವಾಹಕರ ಸಮ್ಮತಿಯನ್ನು ಪಡೆಯಬೇಕಾಯಿತು. ಕಲಬುರಗಿ ನಿಲ್ದಾಣ ಸುಮಾರು 156 ಕಿ.ಮೀ. ದೂರದಲ್ಲಿದ್ದು ಗೆರೆಯಿಂದ ಆಚೆ ಉಳಿಯಿತು. ಆರು ಕಿಲೋಮೀಟರಿನ ವ್ಯತ್ಯಾಸ! ಈ ವೃತ್ತವನ್ನು ಎಳೆಯುವಾಗ ಬೀದರಿನ ರೈತನಾಗಲಿ, ಯಾದಗಿರಿಯ ರೋಗಿಯಾಗಲಿ ಎಷ್ಟು ಗಂಟೆ ಪ್ರಯಾಣ ಮಾಡುತ್ತಾನೆಂಬುದು ಅಳತೆಗೋಲಾಗಿರಲಿಲ್ಲ.

ಒಂದು ಕಿಲೋಮೀಟರಿನೊಳಗಿನ ದೂರ

ಯಾದಗಿರಿಯ ರೈಲು ನಿಲ್ದಾಣ ಹಳೆಯದು. ಮುಂಬಯಿಯಿಂದ ಬಂದ ಹಳಿಗಳೂ ಮದರಾಸಿನಿಂದ ಬಂದ ಹಳಿಗಳೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದಾಗಿನಿಂದ ಯಾದಗಿರಿ ಆ ಮಹಾಮಾರ್ಗದ ಮೇಲಿದೆ. 2010ರಲ್ಲಿ ಜಿಲ್ಲಾಕೇಂದ್ರವೂ ಆಯಿತು. ಆದರೆ ಅದೇ ಜಿಲ್ಲೆಯ ಶಹಾಪುರಕ್ಕೂ ಸುರಪುರಕ್ಕೂ ಒಂದೂವರೆ ಶತಮಾನ ಕಳೆದರೂ ಹಳಿ ತಲುಪಿಲ್ಲ. ಈ ತಾಲ್ಲೂಕುಗಳ ಮೂಲಕ ಹಾದುಹೋಗಬೇಕಾದ ಗದಗ–ವಾಡಿ ಹೊಸ ಮಾರ್ಗದ ತಳಕಲ್–ಕುಷ್ಟಗಿ ಭಾಗದಲ್ಲಿ ಮಾತ್ರ 2025ರ ಮೇ ತಿಂಗಳಿನಲ್ಲಿ ರೈಲು ಓಡತೊಡಗಿತು. ಬೇಸಗೆಯಲ್ಲಿ ಹೊಟ್ಟೆಪಾಡಿಗಾಗಿ ಬೆಂಗಳೂರು, ಮುಂಬಯಿ, ಪುಣೆಗಳಿಗೆ ಗುಳೆ ಹೋಗುವ ಕುಟುಂಬಗಳು ಮೂಟೆ, ಮಕ್ಕಳು, ಪಾತ್ರೆಗಳೊಂದಿಗೆ ಏರುವುದು ಬಸ್ಸು ಮತ್ತು ಸಾಮಾನ್ಯ ದರ್ಜೆಯ ಬೋಗಿಗಳನ್ನು. ಈ ಜಿಲ್ಲೆಯಲ್ಲಿ ಅತಿ ಹೆಚ್ಚು ದೂರ ಪ್ರಯಾಣ ಮಾಡುವವರಲ್ಲಿ ಅವರು ಸೇರಿದ್ದಾರೆ. ವಿಮಾನದ ಲೆಕ್ಕದಲ್ಲಿ ಅವರು ಎಲ್ಲಿಯೂ ಸೇರುವುದಿಲ್ಲ.

ಇದಕ್ಕಿಂತಲೂ ಕಠಿಣವಾದ ದೂರವೊಂದು ಸುರಪುರ ಸೀಮೆಯಲ್ಲಿ ಲೋಕದ ಗಮನಕ್ಕೆ ಬಂದಿತು. ನಾರಾಯಣಪುರದ ಬಸವಸಾಗರ ಅಣೆಕಟ್ಟೆಯ ಕೆಳಭಾಗದಲ್ಲಿ, ಕಕ್ಕೇರಾ ಸಮೀಪ, ಕೃಷ್ಣೆಯ ನಡುವೆ ನೀಲಕಂಠರಾಯನಗಡ್ಡಿ ಎಂಬ ಪುಟ್ಟ ಊರಿದೆ. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಈ ನಡುಗಡ್ಡೆಗೆ ಹೊರಗಿನ ಸಂಪರ್ಕ ಕಡಿದುಹೋಗುತ್ತಿತ್ತು. 2014ರ ಮಳೆಗಾಲದಲ್ಲಿ ಇಲ್ಲಿನ ಒಬ್ಬ ತುಂಬುಗರ್ಭಿಣಿ, ಆಸ್ಪತ್ರೆಯಲ್ಲಿಯೇ ಹೆರಿಗೆಯಾಗಬೇಕೆಂಬ ಹಟದಿಂದ, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಆಸರೆಯಲ್ಲಿ ತುಂಬಿದ ಹೊಳೆಯನ್ನು ಈಜಿ ದಡ ಸೇರಿದರು. ನೀರಿನ ಹರವು ಒಂದು ಕಿಲೋಮೀಟರಿನ ಒಳಗೆ. ಆಗ ಆ ಹಾದಿಗೆ ಓಡುದಾರಿಯೂ ಇರಲಿಲ್ಲ, ಮಳೆಗಾಲದಲ್ಲಿ ನಂಬಬಹುದಾದ ಸೇತುವೆಯೂ ಇರಲಿಲ್ಲ.

ಆರ್ಕ್ನಿಯ 2.7 ಕಿ.ಮೀ. ಕಡಲಿಗೆ ವಿಮಾನವಿದೆ, ಕೃಷ್ಣೆಯ ಒಂದು ಕಿ.ಮೀ.ಯೊಳಗಿನ ನೀರಿಗೆ ಸೋರೆಬುರುಡೆಯಿತ್ತು. ಎರಡೂ ಕಡೆ ಇರುವುದು ಪುಟ್ಟ ಜನವಸತಿಯೇ. ಲಾಭದ ಲೆಕ್ಕ ಹಾಕಿದರೆ ಎರಡಕ್ಕೂ ಸಂಪರ್ಕ ಕೊಡಲಾಗದು. ಒಂದು ಸಮಾಜ ದೂರವನ್ನು ನಾಗರಿಕನ ಹಕ್ಕಿನ ಪ್ರಶ್ನೆಯಾಗಿ ಕಂಡಿತು. ಇನ್ನೊಂದು ಅದನ್ನು ವಿಧಿಯೆಂದು ಬಿಟ್ಟಿತು. ಇಷ್ಟೇ ವ್ಯತ್ಯಾಸ.

ಇದರಲ್ಲಿ ಮಲೆನಾಡಿಗೆ ಹೊಸದೇನೂ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿಯ ಹಿನ್ನೀರು ಹರಡಿಕೊಂಡಾಗ, ತುಮರಿ ಭಾಗದ ಹಳ್ಳಿಗಳಿಗೆ ಸಾಗರ ದೂರವಾಯಿತು. ನೆಲ ಸರಿದಿರಲಿಲ್ಲ, ನೀರು ನಡುವೆ ಬಂದಿತ್ತು. ನಾಡಿಗೆ ಬೆಳಕು ಕೊಟ್ಟ ಆ ಜನರು ಲಾಂಚಿನ ವೇಳೆಗೆ ತಮ್ಮ ಕಾಯಿಲೆ, ಕಲಿಕೆ, ಮದುವೆಗಳನ್ನು ಹೊಂದಿಸಿಕೊಂಡು ಆರು ದಶಕ ಕಳೆದರು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿ.ಮೀ. ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅದಕ್ಕೆ ಎರಡು ವರ್ಷ ಮೊದಲೇ, 2023ರ ಫೆಬ್ರುವರಿ 27ರಂದು, ಅದೇ ಜಿಲ್ಲೆಯ ಸೋಗಾನೆಯಲ್ಲಿ 3,200 ಮೀಟರ್ ಓಡುದಾರಿಯ ವಿಮಾನ ನಿಲ್ದಾಣ ಸಿದ್ಧವಾಗಿತ್ತು. ಯಾವುದು ಮೊದಲು ಬಂದಿತು, ಯಾವುದು ಅರುವತ್ತು ವರ್ಷ ಕಾಯಿತು ಎಂಬುದನ್ನು ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳಬೇಕು.

ಕಾಲದ ನಕ್ಷೆ

ಇಲ್ಲಿ ವಿಮಾನವನ್ನು ಹಳಿಯುವ ಉದ್ದೇಶವಿಲ್ಲ. ತುರ್ತು ಚಿಕಿತ್ಸೆಗೆ, ಅಂಗಾಂಗಗಳ ಸಾಗಣೆಗೆ, ಪ್ರವಾಹದ ಕಾಲದ ರಕ್ಷಣೆಗೆ ಓಡುದಾರಿಯ ಉಪಯೋಗ ನಿರ್ವಿವಾದ. ಆದರೆ ಒಂದು ಪ್ರದೇಶ ಹತ್ತಿರವಾಯಿತೆಂದು ಸಾರುವ ಮುನ್ನ, ಯಾರಿಗೆ ಹತ್ತಿರವಾಯಿತು, ಯಾವ ಋತುವಿನಲ್ಲಿ, ಎಷ್ಟು ಖರ್ಚಿನಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ನೇರ ಗೆರೆಯ ಕಿಲೋಮೀಟರು ಈ ಮೂರಕ್ಕೂ ಉತ್ತರಿಸಲಾರದು. ಹೊಸ್ತಿಲಿನಿಂದ ಹೊಸ್ತಿಲಿಗೆ ತಗಲುವ ಹೊತ್ತು ಉತ್ತರಿಸಬಲ್ಲದು.

ಆದುದರಿಂದ ಪ್ರತಿಯೊಂದು ಊರಿನ ಶಾಲೆಯೂ ಒಂದು ಕಾಲದ ನಕ್ಷೆಯನ್ನು ತಯಾರಿಸುವುದು ಉಪಯುಕ್ತ. ಅದಕ್ಕೆ ಯಾವ ಉಪಕರಣವೂ ಬೇಡ. ಒಂದು ಹಾಳೆ, ಒಂದು ಗಡಿಯಾರ ಸಾಕು. ನಡುವೆ ಊರು. ಸುತ್ತಲೂ ಐದು ಸ್ಥಳಗಳು: ಪ್ರಾಥಮಿಕ ಆರೋಗ್ಯ ಕೇಂದ್ರ, ಹೆರಿಗೆಯ ಶಸ್ತ್ರಚಿಕಿತ್ಸೆ ದೊರೆಯುವ ಆಸ್ಪತ್ರೆ, ಪದವಿಪೂರ್ವ ಕಾಲೇಜು, ಸಂತೆ, ತಾಲ್ಲೂಕು ಕಚೇರಿ. ಪ್ರತಿಯೊಂದಕ್ಕೂ ಎರಡು ಸಂಖ್ಯೆಗಳನ್ನು ಬರೆಯಬೇಕು: ಬೇಸಗೆಯಲ್ಲಿ ತಲುಪಲು ಎಷ್ಟು ಗಂಟೆ, ಮಳೆಗಾಲದಲ್ಲಿ ಎಷ್ಟು ಗಂಟೆ. ಬಸ್ಸಿಗೆ ಕಾದ ಹೊತ್ತನ್ನೂ ಸೇರಿಸಬೇಕು. ಸ್ವಂತ ವಾಹನವಿಲ್ಲದ ಮನೆಯವರನ್ನು, ಮುದುಕರನ್ನು, ಹೆಣ್ಣುಮಕ್ಕಳನ್ನು ಕೇಳಿ ಬರೆಯಬೇಕು. ಏಕೆಂದರೆ ಒಂದೇ ದಾರಿ ಎಲ್ಲರಿಗೂ ಒಂದೇ ಉದ್ದವಲ್ಲ.

ಇಂತಹ ನಕ್ಷೆಗಳು ಗ್ರಾಮಸಭೆಯ ಮುಂದೆ ಬಂದರೆ, ಅವು ಮನವಿಪತ್ರಕ್ಕಿಂತ ಗಟ್ಟಿಯಾದ ಸಾಕ್ಷ್ಯವಾಗುತ್ತವೆ. ಮಳೆಗಾಲದಲ್ಲಿ ದಾಟಲಾಗದ ಹಳ್ಳಕ್ಕೆ ಒಂದು ಕಾಲುಸಂಕವೋ, ಕಾಲೇಜಿನ ವೇಳೆಗೆ ಒಂದು ಬಸ್ಸೋ ಬಂದರೆ ಎಷ್ಟು ಮನೆಗಳ ಎಷ್ಟು ಗಂಟೆ ಉಳಿಯುತ್ತದೆಂಬುದನ್ನು ಅಂಕಿಗಳಲ್ಲಿಯೇ ತೋರಿಸಬಹುದು. ಕಾಡನ್ನು ಕಡಿಯದೆ, ಹೊಲವನ್ನು ಕಿತ್ತುಕೊಳ್ಳದೆ ಉಳಿಸಬಹುದಾದ ಗಂಟೆಗಳು ಎಷ್ಟಿವೆ ಎಂಬುದೂ ಆಗಲೇ ಗೊತ್ತಾಗುತ್ತದೆ. ಒಂದು ಶೈಕ್ಷಣಿಕ ವರ್ಷದೊಳಗೆ ಯಾದಗಿರಿ, ಶಹಾಪುರ, ಸುರಪುರಗಳ ಹತ್ತು ಶಾಲೆಗಳೂ ಸಹ್ಯಾದ್ರಿಯ ಹತ್ತು ಶಾಲೆಗಳೂ ಈ ಕೆಲಸವನ್ನು ಮಾಡಿ ಹಾಳೆಗಳನ್ನು ಪರಸ್ಪರ ಬದಲಾಯಿಸಿಕೊಂಡರೆ, ಬಯಲಿನವರಿಗೂ ಮಲೆಯವರಿಗೂ ತಮ್ಮ ದೂರಗಳಲ್ಲಿ ಎಷ್ಟು ಸಾಮ್ಯವಿದೆಯೆಂದು ತಿಳಿಯುವುದು. ಆ ಕೆಲಸ ಬರುವ ಮಳೆಗಾಲಕ್ಕೆ ಮುನ್ನವೇ ಆರಂಭವಾಗಲಿ.